ದೂರು ಪುಸ್ತಕದ ನಲವತ್ತೊಂದನೆಯ ಪುಟ

ಆದೋನಿ
17 ಫೆಬ್ರವರಿ 2025

ಭೀಮಲಿಂಗಪ್ಪನವರಿಗೆ ಚೇತನಾ ಮಾಡುವ ನಮಸ್ಕಾರಗಳು.

ನಿಮ್ಮ ವಿಳಾಸ ಉಮಾಮಹೇಶ್ವರಿ ಕೊಟ್ಟಳು. ನೀವು ಹಳೆಯ ನಂಬರು ಯಾಕೆ ಬಿಟ್ಟಿರೆಂದು ಮಗಳಾದ ಅವಳಿಗೂ ಗೊತ್ತಿಲ್ಲವಂತೆ. "ಅಪ್ಪ ಫೋನ್‌ನಾಗ ಮಾತಾಡಲ್ಲ ಅಕ್ಕ, ಕಾಗದ ಬರದ್ರ ಓದ್ತಾನ" ಎಂದಳು. ಸರಿ, ಕಾಗದವೇ ಆಗಲಿ. ಕನ್ನಡದಲ್ಲೇ ಬರೆಯುತ್ತೇನೆ. ನಮ್ಮ ಕಚೇರಿಯಲ್ಲಿ ಎಲ್ಲ ತೆಲುಗು ಓದಿದವರು, ನನ್ನನ್ನು ಬಿಟ್ಟು ಕನ್ನಡ ಓದುವವರು ಸದ್ಯ ಯಾರೂ ಇಲ್ಲ. ವಿಶಾಖಪಟ್ಟಣದ ನಿಮ್ಮ ಅಳಿಯನ ಮನೆಯಲ್ಲೂ ನಿಮ್ಮನ್ನು ಬಿಟ್ಟರೆ ಇರಲಿಕ್ಕಿಲ್ಲ.

ದಳಕ್ಕೆ ಮತ್ತೆ ಜೀವ ಬಂದಿದೆ. ಎರಡೂವರೆ ವರ್ಷ ಅದು ಇದೆ ಎಂದವರೂ ಇಲ್ಲ ಎಂದವರೂ ಸರಿಯಾಗಿಯೇ ಹೇಳುತ್ತಿದ್ದರು. ಸ್ಥಾಪನೆಯ ಆದೇಶವೇ ಊರ್ಜಿತವಲ್ಲ ಎಂದು ನ್ಯಾಯಾಲಯ ಹೇಳಿತು. ಹೊಸ ಆದೇಶ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ನಾನು ಮದ್ದಿಕೇರ ಠಾಣೆಯಲ್ಲಿ ಕೂತು ಕಾದೆ. ಜನವರಿ ಕೊನೆಗೆ ಬಂತು: ರಾಜ್ಯ ಲಂಚ ತನಿಖಾ ದಳ, ಆದೋನಿ ಘಟಕ. ಸಬ್ ಇನ್‌ಸ್ಪೆಕ್ಟರ್ ಆಗಿದ್ದ ನಿಮ್ಮ ಶಿಷ್ಯೆ ಈಗ ಇನ್‌ಸ್ಪೆಕ್ಟರ್.

ಹತ್ತಿ ಮಾರ್ಕೆಟ್ಟಿನ ಹಿಂದಿನ ಅದೇ ಮೂರು ಕೋಣೆ. ಕೀಲಿ ಯಾರ ಹತ್ತಿರವೂ ಇರಲಿಲ್ಲ, ಬೀಗ ಒಡೆಸಿದೆ. ನೀವು ಕೂತು ಬರೆಯುತ್ತಿದ್ದ ಮೇಜಿನ ಮೇಲೆ ಪಾರಿವಾಳ ಮೊಟ್ಟೆ ಇಟ್ಟಿತ್ತು. ಸಿಬ್ಬಂದಿ ಮೂವರು, ಅದರಲ್ಲಿ ಇಬ್ಬರಿಗೆ ಈ ಕೆಲಸ ಹೊಸದು. ಗಡುವು ಮೂರು ತಿಂಗಳು. ಮೇ ಹದಿನೇಳರೊಳಗೆ ಹಳೆಯ ದೂರುಗಳಲ್ಲಿ ಒಂದನ್ನಾದರೂ ಎಬ್ಬಿಸಿ ಪ್ರಕರಣ ದಾಖಲಿಸದಿದ್ದರೆ ಈ ಘಟಕವನ್ನು ಮುಚ್ಚುತ್ತಾರೆ.

ನಾನು ಬಂಡೆಹಟ್ಟಿಯ ಗಂಗಕ್ಕನ ದೂರನ್ನು ಎಬ್ಬಿಸುತ್ತೇನೆ. 2022ರ ಆ ಅಕ್ಟೋಬರ್ ವಾರವನ್ನು ನೀವೂ ಮರೆತಿರಲಾರಿರಿ. ಕುರಿ ಮೇಯಿಸುವ ಹೆಂಗಸು, ತನ್ನ ಆರು ಎಕರೆ ನಕ್ಷೆಯಲ್ಲಿ ಕಲ್ಲು ಕ್ವಾರಿಗೆ ಸೇರಿಹೋಗಿದೆ, ಸರಿಮಾಡಲು ಸರ್ವೇಯರ್ ಸೂರಿ ಲಂಚ ಕೇಳುತ್ತಾನೆ ಎಂದು ಸೋಮವಾರ ಬಂದು ಹೇಳಿದಳು. ನೀವೇ ಬರೆದುಕೊಂಡಿರಿ. ಗುರುವಾರ ಸೂರಿಯನ್ನು ಹಿಡಿಯಬೇಕೆಂದು ನಿಶ್ಚಯವಾಯಿತು. ಗುರುವಾರ ಸೂರಿ ಕಚೇರಿಗೇ ಬರಲಿಲ್ಲ. ಅವತ್ತು ಸಂಜೆ ನಾನು ಬಂಡೆಹಟ್ಟಿಗೆ ಹೋದಾಗ ಪಶುವೈದ್ಯರು ಮೂವತ್ತೊಂದು ಕುರಿಗಳ ಹೆಣದ ನಡುವೆ ನಿಂತು ವರದಿ ಬರೆಯುತ್ತಿದ್ದರು. ತೊಟ್ಟಿಯ ನೀರಿಗೆ ಯಾರೋ ಯೂರಿಯಾ ಸುರಿದಿದ್ದರು. ಶುಕ್ರವಾರ ದಳವನ್ನೇ ಮುಚ್ಚುವ ಆದೇಶ ಬಂತು.

ಗಂಗಕ್ಕನ ಹೆಸರು ಸೂರಿಗೆ ನಮ್ಮ ಕಚೇರಿಯಿಂದಲೇ ಹೋಗಿತ್ತು. ಡ್ರೈವರ್ ಲಕ್ಷ್ಮಿಕಾಂತ್ ಹೇಳಿದ ಎಂದು ಆಗ ಎಲ್ಲರೂ ಅಂದುಕೊಂಡೆವು. ಈಗ ಅವನು ಮತ್ತೆ ದಳಕ್ಕೆ ಬರುತ್ತೇನೆಂದು ಅರ್ಜಿ ಹಾಕಿದ್ದಾನೆ. ಅವನ ವಿಷಯದಲ್ಲಿ ನಿಮಗೇನು ಗೊತ್ತು ಎಂದು ಬರೆಯಿರಿ. ಗಂಗಕ್ಕನ ದೂರಿನ ಕಾಗದ ಯಾವ ಕಟ್ಟಿನಲ್ಲಿದೆ ಎಂಬುದನ್ನೂ ತಿಳಿಸಿ.

ನಿಮ್ಮ
ಚೇತನಾ


ವಿಶಾಖಪಟ್ಟಣ
28 ಫೆಬ್ರವರಿ 2025

ಚೇತನಮ್ಮಗೆ ಭೀಮಲಿಂಗಪ್ಪನ ಆಶೀರ್ವಾದಗಳು.

ನೀವು ಇನ್‌ಸ್ಪೆಕ್ಟರ್ ಆದದ್ದು ಓದಿ ಬಹಳ ಹೊತ್ತು ಕಾಗದ ಹಿಡಿದು ಕೂತಿದ್ದೆ. ಅಳಿಯ ಬಂದು ಏನು ಸುದ್ದಿ ಎಂದ. ಊರಲ್ಲಿ ಮಳೆಯಂತೆ ಎಂದೆ. ಫೆಬ್ರವರಿಯಲ್ಲಿ ಆದೋನಿಗೆ ಯಾವ ಮಳೆ!

ಇಲ್ಲಿ ಗಾಳಿಯಲ್ಲೇ ಉಪ್ಪು. ಟ್ರಂಕಿನ ಬೀಗ ತುಕ್ಕು ಹಿಡಿದಿದೆ. ಸಂಜೆ ಬಂದರಿನ ಗೋಡೆಯವರೆಗೆ ನಡೆದು ವಾಪಸ್ ಬರುತ್ತೇನೆ.

ಕಚೇರಿಯ ವಿಷಯಕ್ಕೆ ಮುದುಕನ ನಾಲ್ಕು ಮಾತು. ಹಳೆಯ ಪುಸ್ತಕಗಳಲ್ಲಿ ಬರೆಯಬೇಡಿ, ಹೊಸದು ಹೊಲಿಸಿ. ಮೊದಲ ದಿನವೇ ಎಲ್ಲ ಪುಟಕ್ಕೂ ಸಂಖ್ಯೆ ಹಾಕಿ ಸಹಿ ಮಾಡಿ. ದೂರು ಕೊಡಲು ಬಂದವರನ್ನು ಮುಂಬಾಗಿಲಿನಲ್ಲಿ ನಿಲ್ಲಿಸಬೇಡಿ, ಎದುರಿನ ಜಿನ್ನಿಂಗ್ ಮಿಲ್ಲಿನ ಹಮಾಲಿಗಳು ನೋಡುತ್ತಾರೆ. ಕೇಳಬೇಕಾದ್ದನ್ನು ಒಮ್ಮೆಗೇ ಕೇಳಬೇಡಿ.

ಗಂಗಕ್ಕನನ್ನು ಬಿಟ್ಟುಬಿಡಿ. ಒಮ್ಮೆ ನಮ್ಮನ್ನು ನಂಬಿ ಕುರಿ ಕಳೆದುಕೊಂಡವಳು. ಬೇರೆ ದೂರುಗಳಿವೆ, ಹಾಲಹರವಿ ಕಡೆಯ ಪೈಪ್‌ಲೈನಿನದು ಒಳ್ಳೆಯದು, ಸಾಕ್ಷಿ ಗಟ್ಟಿ. ದಳ ಮುಚ್ಚಿದಾಗ ಕಾಗದಗಳನ್ನು ಮೂಟೆ ಕಟ್ಟಿ ಕರ್ನೂಲಿಗೆ ಒಯ್ದರು, ಆಕೆಯದು ಎಲ್ಲಿ ಬಿತ್ತೋ.

ಲಕ್ಷ್ಮಿಕಾಂತನ ಬಗ್ಗೆ ನಾನೇನು ಬರೆಯಲಿ? ಜೀಪನ್ನು ಚೆನ್ನಾಗಿ ಇಟ್ಟುಕೊಂಡಿದ್ದ.

ಆರೋಗ್ಯ ನೋಡಿಕೊಳ್ಳಿ.

ಭೀಮಲಿಂಗಪ್ಪ


ಆದೋನಿ
12 ಮಾರ್ಚ್ 2025

ಭೀಮಲಿಂಗಪ್ಪನವರಿಗೆ,

ಪುಸ್ತಕ ಹೊಲಿಸಿದೆ, ಸಂಖ್ಯೆ ಹಾಕಿಸಿದೆ. ನೀವು ಹೇಳಿದ ಒಂದು ಮಾತನ್ನು ಮಾತ್ರ ಕೇಳಲಿಲ್ಲ. ಬಂಡೆಹಟ್ಟಿಗೆ ಹೋಗಿದ್ದೆ.

ಗಂಗಕ್ಕನ ಹತ್ತಿರ ಈಗ ಒಂಬತ್ತು ಆಡುಗಳಿವೆ. ಮತ್ತೆ ಕುರಿ ಕಟ್ಟಲಿಲ್ಲವಂತೆ. ಆರು ಎಕರೆಯಲ್ಲಿ ನಾಲ್ಕನ್ನು ಕ್ವಾರಿ ತಿಂದಿದೆ. ಮನೆಯ ಗೋಡೆ ಬಿರುಕು ಬಿಟ್ಟಿದೆ, ಮದ್ದು ಹಾರಿಸಿದಾಗೆಲ್ಲ ಹೆಂಚಿನಿಂದ ಮಣ್ಣು ಉದುರುತ್ತದೆ. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದಳು.

"ಮತ್ತ ಬಂದ್ರೇನ್ರಿ?" ಎಂದಳು.

"ದಳ ತಿರಗ ಶುರು ಆಗೈತಿ ಗಂಗಕ್ಕ. ನಿನ್ನ ಕೇಸು ನಾನೇ ನೋಡ್ತೀನಿ."

"ಆವತ್ತೂ ನೀವೇ ನೋಡಿದ್ರಿ. ನನ್ ಹೆಸ್ರು ನಿಮ್ಮ ಮನಿಯಿಂದಾನೇ ಹೊರಗ ಬಂತು. ಸೂರಿ ನನ್ ಮುಂದ ನಿಂತು ಹೇಳ್ಯಾನ, ನಿಮ್ಮ ಆಫೀಸ್‌ನೋರೇ ಬಂದು ಹೇಳಿದ್ರು ಅಂತ. ಯಾರು ಅಂತ ನೀವು ಹೇಳ್ರಿ, ಆಮ್ಯಾಲ ನಾ ಸೈನ್ ಹಾಕ್ತೀನಿ. ಅಲ್ಲಿಗಂಟ ಚಾಲು. ಹೋಗ್ರಿ."

ತೆಲುಗಿನ ಚಾಲು, ಅಂದರೆ ಸಾಕು. ಅಷ್ಟೇ ಹೇಳಿ ಆಡು ಹೊಡೆದುಕೊಂಡು ಹೋದಳು.

ನಿಮಗೆ ಹೇಳಲೇಬೇಕಾದ ಇನ್ನೊಂದು ಸಂಗತಿ ಇದೆ. ಮೂಟೆಗಳೆಲ್ಲ ಕರ್ನೂಲಿನಿಂದ ವಾಪಸ್ ಬಂದಿವೆ. ಹಳೆಯ ದೂರು ಪುಸ್ತಕ ಸಿಕ್ಕಿತು. ನಲವತ್ತಾದ ಮೇಲೆ ನಲವತ್ತೆರಡು. ನಲವತ್ತೊಂದನೆಯ ಪುಟವನ್ನು ಬ್ಲೇಡಿನಿಂದ, ಹೊಲಿಗೆಗೆ ಅಂಟಿದಂತೆ, ನೀಟಾಗಿ ಕೊಯ್ದಿದ್ದಾರೆ. ಪುಸ್ತಕ ಇಡುತ್ತಿದ್ದ ಬೀರುವಿನ ಕೀಲಿ ಇದ್ದದ್ದು ನಿಮ್ಮ ಹತ್ತಿರ, ನನ್ನ ಹತ್ತಿರ. ಮುಂಜಾನೆ ಕಚೇರಿ ತೆರೆದು ಕಸ ಗುಡಿಸುತ್ತಿದ್ದವನು ಲಕ್ಷ್ಮಿಕಾಂತ್, ನಿಮ್ಮ ಕೀಲಿ ಮೊಳೆಗೆ ನೇತಾಡುತ್ತಿತ್ತು.

ಮೊನ್ನೆ ಅವನೇ ಬಂದಿದ್ದ. ಎರಡೂವರೆ ವರ್ಷದಿಂದ ಯಾವುದೋ ಗೋದಾಮಿನ ಕಾವಲಿಗೆ ಹಾಕಿದ್ದಾರೆ. ಮೈಯಲ್ಲಿ ಮಾಂಸವಿಲ್ಲ. "ನನ್ ಬಾಯಿಂದ ಒಂದು ಅಕ್ಷರ ಹೊರಗ ಹೋಗಿಲ್ಲ ಮೇಡಂ, ನಮ್ಮವ್ವನ ಆಣಿ" ಎಂದ. ನಾನು ಕೂರು ಅನ್ನಲಿಲ್ಲ. ಅರ್ಜಿ ಪರಿಶೀಲನೆಯಲ್ಲಿದೆ ಎಂದು ಕಳಿಸಿದೆ.

ಆ ವಾರ ಅವನು ಎಲ್ಲೆಲ್ಲಿ ಹೋಗಿದ್ದ, ಯಾರ ಜೊತೆ ಮಾತಾಡಿದ್ದ, ನಿಮಗೆ ನೆನಪಿರಬೇಕು. ನಿಮ್ಮ ನೆನಪು ಎಂಥದೆಂದು ನನಗೆ ಗೊತ್ತು. ಹೆದರಿಕೆ ಇದ್ದರೆ ಅದನ್ನೂ ಬರೆಯಿರಿ. ನಿಮ್ಮ ಹೆಸರು ಹೊರಗೆ ಬರದಂತೆ ನಾನು ನೋಡಿಕೊಳ್ಳುತ್ತೇನೆ.

ಚೇತನಾ


ವಿಶಾಖಪಟ್ಟಣ
20 ಮಾರ್ಚ್ 2025

ಚೇತನಮ್ಮಗೆ,

ಬ್ಲೇಡಿನ ವಿಷಯ ನನಗೆ ತಿಳಿಯದು. ನನಗೆ ಯಾರ ಹೆದರಿಕೆಯೂ ಇಲ್ಲ.

ಲಕ್ಷ್ಮಿಕಾಂತನನ್ನು ಬಿಟ್ಟುಬಿಡಿ. ಹೋದದ್ದು ಹೋಯಿತು. ಪೈಪ್‌ಲೈನಿನ ದೂರು ನೋಡಿದಿರಾ?

ಭೀಮಲಿಂಗಪ್ಪ


ಆದೋನಿ
8 ಏಪ್ರಿಲ್ 2025

ಭೀಮಲಿಂಗಪ್ಪನವರಿಗೆ,

ನಿಮ್ಮ ಕಾಗದ ಬಂದು ಎರಡು ವಾರವಾಯಿತು. ಉತ್ತರ ಬರೆಯಲು ಸಮಾಧಾನ ಇರಲಿಲ್ಲ.

ಗಾದಿಲಿಂಗಪ್ಪನವರು ಗೊತ್ತಲ್ಲ, ಹತ್ತಿ ದಲಾಲರು. ನಮ್ಮ ಅಂಗಡಿಗೆ ಬಂದು ಅಪ್ಪನ ಪಕ್ಕ ಗಾದಿಯ ಮೇಲೆ ಕೂತು ಚಹಾ ಕುಡಿದು, "ಕೊಟ್ರಬಸಪ್ಪ, ನಿಮ್ಮ ಜಿನ್ನಿಂಗ್ ಮಿಲ್ಲಿನ ಹಿಂದಿನ ಜಾಗ ನಕ್ಷೆದಾಗ ಸರಿ ಐತೋ ಇಲ್ಲೋ ನೋಡ್ಕೋ. ನಿನ್ ಮಗಳು ಹಳೇದೆಲ್ಲ ಕೆದರಾಕ ಹತ್ಯಾಳಂತ. ದಳ ಇವತ್ತು ಐತಿ, ನಾಳೆ ಇರತೈತೋ ಇಲ್ಲೋ. ಊರಾಗ ನಾವು ನೀವು ಇರೋರು" ಎಂದರಂತೆ. ಅಪ್ಪ ನನಗೆ ಏನೂ ಹೇಳಲಿಲ್ಲ. ಅವ್ವ ಹೇಳಿದಳು. ಸೂರಿ ಈಗ ಬರೀ ಸರ್ವೇಯರ್ ಅಲ್ಲ, ಡಿವಿಜನ್ ಕಚೇರಿಯಲ್ಲಿ ಇದ್ದಾನೆ, ಊರಿನ ನಕ್ಷೆಗಳೆಲ್ಲ ಅವನ ಕೈಯಲ್ಲಿ.

ಇನ್ನು ನಲವತ್ತು ದಿನ ಉಳಿದಿದೆ. ಹೊಸ ಹುಡುಗರಿಬ್ಬರೂ ಬೇರೆ ಕಡೆ ವರ್ಗ ಕೇಳುತ್ತಿದ್ದಾರೆ. ಘಟಕ ಉಳಿಯುತ್ತದೆ ಎಂದು ಅವರಿಗೂ ಅನಿಸಿಲ್ಲ.

ನಾನು ನಿರ್ಧಾರ ಮಾಡಿದ್ದೇನೆ. ಮಾಹಿತಿ ಸೋರಿಸಿದವನು ಲಕ್ಷ್ಮಿಕಾಂತ್ ಎಂದು ಬರೆದು ಮೇಲಕ್ಕೆ ಕಳಿಸುತ್ತೇನೆ. ಹೆಸರು ಕೇಳಿದ್ದಾಳೆ ಗಂಗಕ್ಕ, ಹೆಸರು ಕೊಡುತ್ತೇನೆ. ಆಗ ಸಹಿ ಮಾಡುತ್ತಾಳೆ. ನಿಮ್ಮಿಂದ ಒಂದೇ ಒಂದು ಸಾಲು ಬೇಕು: ಆ ಮಂಗಳವಾರ, ಬುಧವಾರ ಅವನ ನಡೆ ನಿಮಗೆ ಅನುಮಾನ ತರಿಸಿತ್ತು ಎಂದು. ಬರೆದು ಸಹಿ ಮಾಡಿ ಕಳಿಸಿ. ಹದಿನೈದು ದಿನ ಕಾಯುತ್ತೇನೆ.

ಚೇತನಾ


ವಿಶಾಖಪಟ್ಟಣ
19 ಏಪ್ರಿಲ್ 2025

ಚೇತನಮ್ಮಗೆ,

ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿದಿರಿ. ಮೊದಲು ಸುಮ್ಮನೆ ವಿಚಾರಿಸುವಂತೆ, ಎರಡನೆಯ ಸಲ ಧೈರ್ಯ ಕೊಡುವಂತೆ, ಮೂರನೆಯ ಸಲ ಬಾಗಿಲು ಮುಚ್ಚಿ. ಇದನ್ನು ನಿಮಗೆ ಕಲಿಸಿದವನು ನಾನು. ತಪ್ಪಿತಸ್ಥನ ಮುಂದೆ ನಿರಪರಾಧಿಯ ಹೆಸರಿಟ್ಟು, ಸಹಿ ಮಾಡು ಎನ್ನಬೇಕು, ಸಹಿ ಮಾಡದೆ ಹಿಂದೆ ಸರಿದರೆ ಸಿಕ್ಕಿಬಿದ್ದ ಎಂದು ನಾನೇ ಹೇಳಿದ್ದೆ. ಬೀಗ ಒಡೆಸಿದ ದಿನವೇ ನಿಮಗೆ ಗೊತ್ತಾಗಿರಬೇಕು. ಆದರೂ ಇಷ್ಟು ದಿನ ಮರ್ಯಾದೆಯಿಂದ ಕಾದಿರಿ.

ಲಕ್ಷ್ಮಿಕಾಂತ್ ಯಾರಿಗೂ ಏನೂ ಹೇಳಲಿಲ್ಲ. ಸೂರಿಗೆ ಗಂಗಕ್ಕನ ಹೆಸರು ಹೇಳಿದವನು ನಾನು.

ಬುಧವಾರ ಹತ್ತು ಗಂಟೆಗೆ ಕರ್ನೂಲಿನಿಂದ ಒಬ್ಬರು ಫೋನ್ ಮಾಡಿದರು. ಆದೇಶಕ್ಕೆ ಸಹಿ ಬಿದ್ದಿದೆ, ಶುಕ್ರವಾರ ನಿಮ್ಮ ಅಂಗಡಿ ಬಂದ್ ಎಂದರು. ನಿಮಗೆ ಹೇಳಲಿಲ್ಲ. ಗುರುವಾರ ಸೂರಿಯನ್ನು ಹಿಡಿದರೂ ಶುಕ್ರವಾರ ಅವನನ್ನು ಇಟ್ಟುಕೊಳ್ಳಲು ದಳವೇ ಇರುವುದಿಲ್ಲ. ಆಮೇಲೆ ಆ ಹೆಂಗಸಿನ ಗತಿ ಏನು? ಮಧ್ಯಾಹ್ನ ಸೂರಿಯ ಹತ್ತಿರ ಹೋದೆ. "ಗಂಗಕ್ಕನ ನಕ್ಷೆ ಸರಿಮಾಡಿಬಿಡು, ದೂರು ನಾ ನೋಡ್ಕೊಂತೀನಿ" ಎಂದೆ. ಜಗಳವಿಲ್ಲದೆ ಮುಗಿಯುತ್ತದೆ ಅಂದುಕೊಂಡೆ. ಅವನು ನಕ್ಕು ಚಹಾ ತರಿಸಿದ. ಗುರುವಾರ ಕುರಿ ಸತ್ತವು.

ಆಕೆಯ ಒಳ್ಳೆಯದಕ್ಕೆ ಹೋದೆ ಎಂದು ನನಗೆ ನಾನೇ ಎರಡೂವರೆ ವರ್ಷ ಹೇಳಿಕೊಂಡಿದ್ದೇನೆ. ಅದು ಅರ್ಧ. ನಮ್ಮ ಅಣ್ಣತಮ್ಮಂದಿರ ಹೊಲದ ನಕ್ಷೆಯೂ ಸೂರಿಯ ಕೈಯಲ್ಲಿತ್ತು, ನನ್ನ ಪಾಲು ದಾಯಾದಿಗಳ ಕಡೆ ತೋರಿಸುತ್ತಿತ್ತು. ನಾನು ಕೇಳಲಿಲ್ಲ. ಎರಡು ತಿಂಗಳ ಮೇಲೆ ನಕ್ಷೆ ಸರಿಯಾಗಿ ಬಂತು. ಬೇಡ ಎನ್ನಲಿಲ್ಲ. ಮಾರಿ ಇಲ್ಲಿಗೆ ಬಂದೆ.

ನಲವತ್ತೊಂದನೆಯ ಪುಟ ಈ ಲಕೋಟೆಯಲ್ಲಿದೆ. ದಳ ಮುಚ್ಚಿದ ಶುಕ್ರವಾರ ಕೊಯ್ದೆ. ಸುಡಬೇಕೆಂದು ಕೊಯ್ದವನು, ಸುಡಲಿಲ್ಲ. ಆಕೆಯ ಹೆಬ್ಬೆಟ್ಟಿನ ಗುರುತು ಇತ್ತು.

ಇನ್ನು ನಿಮ್ಮ ಇಷ್ಟ.

ಭೀಮಲಿಂಗಪ್ಪ


ಆದೋನಿ
6 ಮೇ 2025

ಭೀಮಲಿಂಗಪ್ಪನವರಿಗೆ,

ನನಗೆ ಗೊತ್ತಿರಲಿಲ್ಲ.

ಮೂರು ಸಲವೂ ನಿಜವಾಗಿಯೇ ಕೇಳಿದ್ದೆ. ನಿಮ್ಮ ಮೌನವನ್ನು ಹೆದರಿಕೆ ಎಂದುಕೊಂಡೆ. ಸೂರಿಯ ಕಡೆಯವರು ವಿಶಾಖಪಟ್ಟಣಕ್ಕೂ ಬಂದು ಬೆದರಿಸಿರಬೇಕು ಎಂದುಕೊಂಡು, ನಿಮಗೆ ರಕ್ಷಣೆ ಕೊಡಿ ಎಂದು ಮೇಲಿನವರಿಗೆ ಒಂದು ಪತ್ರವನ್ನೂ ಸಿದ್ಧ ಮಾಡಿದ್ದೆ. ನೀವು ಲಕ್ಷ್ಮಿಕಾಂತನ ಮೇಲೆ ಆ ಒಂದು ಸಾಲು ಬರೆದು ಕಳಿಸಿದ್ದರೆ ನಾನು ನಂಬುತ್ತಿದ್ದೆ. ಇದನ್ನು ನೀವು ತಿಳಿದಿರಬೇಕು.

ನಿಮ್ಮ ಲಕೋಟೆ ಒಂಬತ್ತು ದಿನ ನನ್ನ ಕೈಚೀಲದಲ್ಲೇ ಇತ್ತು. ಕಚೇರಿಯಲ್ಲಿ ಕನ್ನಡ ಓದುವವರಿಲ್ಲ. ನಾನು ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಪುಟವೊಂದನ್ನೇ ಹಳೆಯ ಮೂಟೆಯಲ್ಲಿ ಸಿಕ್ಕಿತೆಂದು ತೋರಿಸಬಹುದಿತ್ತು. ಅದನ್ನೂ ಯೋಚಿಸಿದೆ, ನಿಮ್ಮ ಮೇಲಿನ ಪ್ರೀತಿಯಿಂದ ಎಂದು ಹೇಳಿಕೊಂಡು. ಆದರೆ ನಾನು ಬಚ್ಚಿಟ್ಟದ್ದೂ ಒಂದಿತ್ತು. ದಳ ಮುಚ್ಚುವ ದಿನ ಲಕ್ಷ್ಮಿಕಾಂತನ ಮೇಲೆ ಅನುಮಾನ ಬರೆದ ಗುಪ್ತ ವರದಿ ನನ್ನದು. ಎಲ್ಲರೂ ಅಂದುಕೊಂಡೆವು ಎಂದು ನಿಮಗೆ ಬರೆದಿದ್ದೆನಲ್ಲ, ಬರೆದವಳು ನಾನೊಬ್ಬಳೇ.

ಹತ್ತನೆಯ ದಿನ ಗೋದಾಮಿಗೆ ಹೋಗಿ ಅವನಿಗೆ ನಿಮ್ಮದು, ನನ್ನದು ಎರಡನ್ನೂ ಹೇಳಿದೆ. ಸ್ಟೂಲಿನ ಮೇಲೆ ಕೂತಿದ್ದವನು ಎದ್ದು ನಿಂತೇ ಇದ್ದ. "ನನ್ ಮ್ಯಾಲ ಬರದೋರು ಯಾರು ಅಂತ ಎರಡೂವರಿ ವರ್ಷ ಹುಡುಕೀನಿ ಮೇಡಂ" ಎಂದ. "ಒಬ್ಬೊಬ್ರ ಮ್ಯಾಲೂ ಅನುಮಾನ ಪಟ್ಟೀನಿ. ನೀವು ಅಂತ ಒಂದಿನಾನೂ ಅನಸಲಿಲ್ಲ ನೋಡ್ರಿ." ಬೈದಿದ್ದರೆ ಚೆನ್ನಾಗಿತ್ತು.

ನನ್ನ ವರದಿ ತಪ್ಪೆಂದು ಬರೆದು ಕಳಿಸಿದ್ದೇನೆ. ಅದಕ್ಕೆ ನನ್ನ ಮೇಲೆ ಏನು ಕ್ರಮ ಬರುತ್ತದೋ ಬರಲಿ. ಸೋಮವಾರದಿಂದ ಅವನು ಘಟಕದಲ್ಲಿದ್ದಾನೆ.

ಗಂಗಕ್ಕನಿಗೂ ನಿಮ್ಮ ಹೆಸರು ಹೇಳಿದೆ. ತನ್ನ ಹೆಬ್ಬೆಟ್ಟು ನೋಡಿಕೊಂಡಳು. ಆಮೇಲೆ, "ನನ್ ಬೆರಳು ಹಿಡದು ಒತ್ತಿಸಿಕೊಂಡೋರೇ ಅಲ್ಲೇನು?" ಎಂದಳು. "ಕಾಗದದಾಗ ಬ್ಯಾಡ. ಬಂದು ನನ್ ಮುಂದ ಕುಂತು ಹೇಳ್ಲಿ. ನಾವಿಬ್ರೇ ಇರ್ಬೇಕು. ನೀವು ಹೊರಗಿರ್ರಿ."

ನೋಟಿಸು ಇದರೊಂದಿಗೆ ಇದೆ. ಮೇ 15, ಗುರುವಾರ. ಮೊದಲು ಕಚೇರಿಯಲ್ಲಿ ನಿಮ್ಮ ಹೇಳಿಕೆ, ಆಮೇಲೆ ಬಂಡೆಹಟ್ಟಿ. ಸೂರಿಯ ನಂತರ ನಿಮ್ಮ ಹೆಸರು ಎರಡನೆಯ ಆರೋಪಿಯಾಗಿ ಬರುತ್ತದೆ, ಪಿಂಚಣಿಗೂ ತೊಂದರೆಯಾಗುತ್ತದೆ. ವಕೀಲರನ್ನು ಕೇಳಿಕೊಂಡು ಬನ್ನಿ. ಸ್ಟೇಷನ್ನಿಗೆ ಜೀಪು ಬರುತ್ತದೆ. ಓಡಿಸುವುದು ಲಕ್ಷ್ಮಿಕಾಂತ್. ನಾನು ಹೇಳಲಿಲ್ಲ, ಅವನೇ ಹೋಗುತ್ತೇನೆಂದ.

ಚೇತನಾ
ಇನ್‌ಸ್ಪೆಕ್ಟರ್


ವಿಶಾಖಪಟ್ಟಣ
20 ಮೇ 2025

ಇನ್‌ಸ್ಪೆಕ್ಟರ್ ಅವರಿಗೆ,

ಆರೋಪಿಯಾದವನು ತನಿಖಾಧಿಕಾರಿಗೆ ಖಾಸಗಿ ಕಾಗದ ಬರೆಯಬಾರದು. ಆದ್ದರಿಂದ ಇದನ್ನು ಖಾಸಗಿ ಎಂದು ಓದಬೇಡಿ.

ಹದಿನಾರರಂದು ಪ್ರಕರಣ ದಾಖಲಾಯಿತೆಂದೂ ಘಟಕ ಉಳಿಯಿತೆಂದೂ ಉಮಾಮಹೇಶ್ವರಿ ಹೇಳಿದಳು. ಅವಳಿಗೂ ಅಳಿಯನಿಗೂ ಎಲ್ಲ ತಿಳಿಸಿದ್ದೇನೆ. ಅಳಿಯ ನನ್ನ ಜೊತೆ ಊಟಕ್ಕೆ ಕೂರುತ್ತಿಲ್ಲ.

ಅವತ್ತು ಜೀಪಿನಲ್ಲಿ ಲಕ್ಷ್ಮಿಕಾಂತ್ ಒಂದೇ ಮಾತು ಆಡಿದ. "ಗಾಜು ಏರಿಸ್ಕೊರಿ ಸಾರ್, ಧೂಳು ಬರತೈತಿ." ಅವನಿಗೆ ಹೇಳಬೇಕೆಂದು ರೈಲಿನಲ್ಲಿ ರಾತ್ರಿಯೆಲ್ಲ ಮಾತು ಜೋಡಿಸಿಕೊಂಡಿದ್ದೆ. ಗಾಜು ಏರಿಸಿದೆ.

ಗಂಗಕ್ಕನ ಮನೆಯಲ್ಲಿ ಏನಾಯಿತೆಂದು ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದ ನಿಮಗೆ ಗೊತ್ತಿಲ್ಲ. ಆಕೆ ಹೊರಗೆ ಬಂದು "ಸೈನ್ ಹಾಕ್ತೀನಿ" ಎಂದದ್ದನ್ನಷ್ಟೇ ಕೇಳಿದಿರಿ.

ಹಗ್ಗ ಹೊಸೆಯುತ್ತ ಕೂತಿದ್ದಳು. ಕಚೇರಿಯಲ್ಲಿ ನಿಮಗೆ ಹೇಳಿದ್ದನ್ನೇ ಆಕೆಗೂ ಹೇಳಿದೆ. ಬುಧವಾರ ಹತ್ತಕ್ಕೆ ಫೋನ್ ಬಂತು, ಮಧ್ಯಾಹ್ನ ಸೂರಿಯ ಹತ್ತಿರ ಹೋದೆ. ಆಕೆಯ ಕೈ ನಿಂತಿತು.

"ಬುಧವಾರ ಮಧ್ಯಾಹ್ನಾನ?"

"ಹೌದು."

"ನನ್ ಕುರಿ ಬುಧವಾರ ಮುಂಜಾನಿ ನೀರಿಗೆ ಬಿಟ್ಟಾಗ ಬಿದ್ದಾವ್ರಿ. ಡಾಕ್ಟ್ರು ಬಂದದ್ದು ಗುರುವಾರ. ನಾ ನಡಕೊಂತ ಹೋಗಿ ಕರದೆ, ಅವ್ರು ಮೀಟಿಂಗ್ ಐತಿ, ನಾಳೆ ಬರ್ತೀನಿ ಅಂದ್ರು. ಒಂದಿನ ಪೂರಾ ಹೆಣ ಕಾಯ್ಕೊಂತ ಕುಂತಿದ್ದೆ, ನಾಯಿ ಮುಟ್ಟಬಾರ್ದು ಅಂತ." ನನ್ನ ಮುಖ ನೋಡಿದಳು. "ಕುರಿ ಸತ್ತ ಮ್ಯಾಲ ಹೋಗಿ ನನ್ ಹೆಸ್ರು ಹೇಳಿದ್ರೇನು ನೀವು?"

ಆಕೆ ಮತ್ತೆ ಹಗ್ಗ ಹೊಸೆಯತೊಡಗಿದಳು.

"ನಾ ಮೇಡಮ್ಮಗ ಹೇಳಲ್ಲ" ಎಂದಳು. "ನಿಮ್ಮದು ನೀವೇ ತಿದ್ಕೋರಿ."

ಸೂರಿಯ ಹತ್ತಿರ ನಾನು ಹೋದದ್ದು ಮಂಗಳವಾರ ಸಂಜೆ. ಆಗ ಯಾವ ಫೋನೂ ಬಂದಿರಲಿಲ್ಲ. ದಳ ಮುಚ್ಚುತ್ತದೆ ಎಂದು ತಿಳಿದು ಹೋದವನಲ್ಲ ನಾನು. ಆರು ತಿಂಗಳಿಂದ ಎಲ್ಲರೂ ಮುಚ್ಚಬಹುದು ಎನ್ನುತ್ತಿದ್ದರು, ಮುಚ್ಚಿದರೆ ನನ್ನ ಹೊಲದ ನಕ್ಷೆಗೂ ಒಬ್ಬ ಬೇಕಾಗುತ್ತಾನೆ ಎಂದು ಹೋದೆ. ಬುಧವಾರ ಫೋನ್ ಬಂದದ್ದು ನಿಜ. ಬಂದಾಗ ನನಗೆ ನಿರಾಳವಾಯಿತು. ಮಾಡಿದ್ದಕ್ಕೆ ಕಾರಣ ಮರುದಿನ ಸಿಕ್ಕಿತು. ಅದನ್ನು ಹಿಂದಕ್ಕೆ ಎಳೆದುಕೊಂಡು ಇಷ್ಟು ವರ್ಷ ಹೊದ್ದುಕೊಂಡೆ. ನಿಮಗೆ ಬರೆದ ಕಾಗದದಲ್ಲೂ, ಕಚೇರಿಯಲ್ಲಿ ಸಹಿ ಹಾಕಿದ ಹೇಳಿಕೆಯಲ್ಲೂ ಅದನ್ನೇ ಹೊದ್ದುಕೊಂಡೆ.

ಬರುವ ಸೋಮವಾರ ಗಂಗಕ್ಕ ನ್ಯಾಯಾಧೀಶರ ಮುಂದೆ ಕುರಿ ಬುಧವಾರ ಸತ್ತವು ಎನ್ನುತ್ತಾಳೆ. ವೈದ್ಯರ ವರದಿಯಲ್ಲಿ ಗುರುವಾರ ಇದೆ. ನನ್ನ ಹೇಳಿಕೆ ವರದಿಯ ಪಕ್ಕ ನಿಂತರೆ ಸೂರಿಯ ವಕೀಲ ಆಕೆಯನ್ನು ಸುಳ್ಳುಗಾತಿ ಮಾಡುತ್ತಾನೆ. ದಯವಿಟ್ಟು ಆಕೆಯನ್ನು ತಿದ್ದಬೇಡಿ. ಆಕೆಯ ದಿನ ಸರಿ ಇದೆ.

ನನ್ನ ಹೇಳಿಕೆಯ ಎರಡನೆಯ ಪುಟದಲ್ಲಿರುವ ಬುಧವಾರವನ್ನು ತಿದ್ದಿ ಸಹಿ ಹಾಕಲು ಶನಿವಾರ ಬರುತ್ತಿದ್ದೇನೆ. ಜೀಪು ಕಳಿಸಬೇಡಿ, ಆಟೋದಲ್ಲಿ ಬರುತ್ತೇನೆ. ಈ ಕಾಗದವನ್ನು ಇವತ್ತೇ ಸ್ಪೀಡ್ ಪೋಸ್ಟಿಗೆ ಹಾಕುತ್ತೇನೆ, ನನಗಿಂತ ಮೊದಲು ಅದು ನಿಮ್ಮ ಕೈ ಸೇರಲಿ. ನನ್ನನ್ನು ನಾನು ಬಲ್ಲೆ. ಧೈರ್ಯ ತಪ್ಪಿ ಯಾವುದೋ ಸ್ಟೇಷನ್ನಿನಲ್ಲಿ ಇಳಿದುಬಿಟ್ಟರೂ ಇದು ನಿಮ್ಮ ಹತ್ತಿರ ಇರುತ್ತದೆ. ಪುಟ ಸಂಖ್ಯೆ ಹಾಕಿ ಫೈಲಿಗೆ ಸೇರಿಸಿ.

ಭೀಮಲಿಂಗಪ್ಪ
ನಿವೃತ್ತ ಹೆಡ್ ಕಾನ್‌ಸ್ಟೇಬಲ್